ಸಾಲಿನಲ್ಲಿ ನಿಲ್ಲುವ ಚೆಂಡು ಮ್ಯಾಚಿನಲ್ಲಿ ಯಾಕೆ ಬೀಳುತ್ತದೆ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಹೋದ ವರ್ಷದಿಂದ ಮಕ್ಕಳಿಗೆ ಸೆವೆನ್ಸ್ ರಗ್ಬಿ (ತಂಡಕ್ಕೆ ಏಳು ಜನರ ರಗ್ಬಿ) ಕಲಿಸುತ್ತಿದ್ದೇನೆ. ಒಟ್ಟು 18 ಮಕ್ಕಳು, 13ರಿಂದ 15 ವಯಸ್ಸಿನವರು, ಹುಡುಗರೂ ಹುಡುಗಿಯರೂ ಇದ್ದಾರೆ. ಹೆಚ್ಚಿನವರು ಕಬಡ್ಡಿ, ಖೊಖೊ ಆಡಿ ಬಂದವರು. ಆಳನ್ನು ಹಿಡಿಯೋದರಲ್ಲಿ ಹುಲಿಗಳು, ಚೆಂಡು ಹಿಡಿಯೋದರಲ್ಲಿ ಮಾತ್ರ ಕಷ್ಟ. ದಿನಾ ಎದುರುಬದುರು ನಿಲ್ಲಿಸಿ ನೂರು ಪಾಸ್ ಮಾಡಿಸುತ್ತೇನೆ. ಆಗ ಒಂದೂ ಬೀಳುವುದಿಲ್ಲ. ಮ್ಯಾಚ್ ಶುರುವಾದರೆ ಮೂರನೇ ಪಾಸಿಗೇ ನಾಕ್-ಆನ್, ಅಂದ್ರೆ ಚೆಂಡು ಕೈಗೆ ತಾಗಿ ಮುಂದೆ ಬೀಳುತ್ತದೆ. ನೂರನ್ನು ಇನ್ನೂರು ಮಾಡಲಾ? ಚೆಂಡು ಸುತ್ತುತ್ತಾ ಹೋಗುವ ಸ್ಪಿನ್ ಪಾಸ್ ಈಗಲೇ ಕಲಿಸಬೇಕಾ? ಇರುವುದು ಎರಡೇ ಚೆಂಡು. ಜೊತೆಗೆ ಒಬ್ಬಳು ಎಡಗೈ ಹುಡುಗಿ ಇದ್ದಾಳೆ. ಅವಳನ್ನು ತಿದ್ದಬೇಕಾ?

ಉತ್ತರ: ಸರ್, ನೂರನ್ನು ಇನ್ನೂರು ಮಾಡಬೇಡಿ. ಇಪ್ಪತ್ತಕ್ಕೆ ಇಳಿಸಿ.

ಎದುರುಬದುರು ನಿಂತಾಗ ಹುಡುಗನಿಗೆ ಎಲ್ಲವೂ ಮೊದಲೇ ಗೊತ್ತು. ಚೆಂಡು ಯಾರಿಂದ ಬರುತ್ತೆ, ಯಾವಾಗ ಬರುತ್ತೆ, ಎಷ್ಟು ಎತ್ತರಕ್ಕೆ ಬರುತ್ತೆ, ಎಲ್ಲ ಗೊತ್ತು. ಕಾಲು ನೆಲದ ಮೇಲೆ ಗಟ್ಟಿಯಾಗಿದೆ. ಎದುರಿಗೆ ಇರುವವನು ಗೆಳೆಯ. ಮ್ಯಾಚಿನಲ್ಲಿ ಚೆಂಡು ಪಕ್ಕದಿಂದ ಬರುತ್ತದೆ, ಇವನು ಓಡುತ್ತಿರುತ್ತಾನೆ, ಮುಂದಿನಿಂದ ಒಬ್ಬ ಮೈಮೇಲೆ ಬರುತ್ತಿರುತ್ತಾನೆ. ಆ ಚೆಂಡು ತನಗೆ ಬರುತ್ತೋ ಇಲ್ಲವೋ ಅನ್ನೋದೂ ಕೊನೆಯ ಗಳಿಗೆವರೆಗೆ ಗೊತ್ತಿಲ್ಲ. ಇವೆರಡೂ ಒಂದೇ ಕೆಲಸ ಅಂತ ನಾವು ಮಾಸ್ತರರು ಅಂದುಕೊಳ್ಳುತ್ತೇವೆ. ಬಾವಿಕಟ್ಟೆ ಮೇಲೆ ಕೂತು ಕೈಕಾಲು ಬಡಿದವನು ನೀರಿಗೆ ಬಿದ್ದಾಗ ಈಜುತ್ತಾನಾ?

ನಾನೂ ಹೀಗೇ ಶುರು ಮಾಡಿದವನು. ಬೆಳಗಾವಿಯಲ್ಲಿ ಮೊದಲ ವರ್ಷ ದಿನಾ ಸೀಟಿ ಊದಿ ಇನ್ನೂರು ಪಾಸ್ ಹಾಕಿಸುತ್ತಿದ್ದೆ. ನೋಡಲು ಎಷ್ಟು ಚೆಂದ ಅಂದ್ರೆ, ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಮೊದಲ ಸಲ ಹೊರ ಊರಿಗೆ ಆಡಲು ಹೋದೆವು. ಸೆವೆನ್ಸ್ ಅಂದ್ರೆ ಏಳೇಳು ನಿಮಿಷದ ಎರಡು ಅರ್ಧ, ಬರೀ 14 ನಿಮಿಷ. ಬಿದ್ದ ಚೆಂಡು ಎಣಿಸುತ್ತಿದ್ದವನು ಇಪ್ಪತ್ತಾದ ಮೇಲೆ ಎಣಿಸೋದು ಬಿಟ್ಟೆ. ಒಂದು ಪಾಯಿಂಟೂ ಇಲ್ಲದೆ ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗ ಮೆಲ್ಲಗೆ ಅಂದ, "ಸರ್, ಪ್ರಾಕ್ಟೀಸಿನ್ಯಾಗ ನಮ್ಮ ಮುಂದ ಯಾರೂ ಇರಂಗಿಲ್ಲಲ್ರೀ." ನನಗೆ ತರಬೇತಿ ಕೊಟ್ಟವರು ಹಲವರಿದ್ದಾರೆ. ಇವನಷ್ಟು ಕಡಿಮೆ ಮಾತಲ್ಲಿ ಇಷ್ಟು ದೊಡ್ಡದು ಕಲಿಸಿದವರು ಇಲ್ಲ.

ಇನ್ನು ವಿಷಯಕ್ಕೆ ಬರೋಣ. ನಿಮ್ಮ ಮಕ್ಕಳಿಗೆ ಮೊದಲು ಹಿಡಿಯುವುದನ್ನು ಕಲಿಸಿ, ಎಸೆಯುವುದು ಆಮೇಲೆ. ಮತ್ತು ಎಸೆಯುವವನಿಗೆ ಒಂದು ಮಾತು ಹೇಳಿಬಿಡಿ: ಪಾಸ್ ಚೆನ್ನಾಗಿತ್ತೋ ಇಲ್ಲವೋ ಅಂತ ಹೇಳುವ ಹಕ್ಕು ಹಿಡಿಯುವವನದು. ಅವನು ಓಟ ನಿಲ್ಲಿಸದೆ ಹಿಡಿದು ಮುಂದಿನ ಹೆಜ್ಜೆ ಇಟ್ಟರೆ ಅದು ಒಳ್ಳೆ ಪಾಸ್. ಚೆಂಡಿಗಾಗಿ ಅವನು ನಿಂತರೆ, ಬಗ್ಗಿದರೆ, ಹಿಂದಕ್ಕೆ ಕೈ ಚಾಚಿದರೆ, ಹಿಡಿದರೂ ಅದು ಕೆಟ್ಟ ಪಾಸೇ.

ನಿಮ್ಮ ಊರಲ್ಲಿ ಯಾರದಾದರೂ ಮನೆಗೆ ಸ್ಲ್ಯಾಬ್ ಹಾಕುವ ದಿನ ಮಕ್ಕಳನ್ನು ಹತ್ತು ನಿಮಿಷ ಅಲ್ಲಿಗೆ ಕರೆದುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಕೆಲಸದವರು ಸಾಲಾಗಿ ನಿಂತು ಕಾಂಕ್ರೀಟ್ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದನ್ನು ನೋಡಲಿ. ಬುಟ್ಟಿ ಬಂದು ಹೊಟ್ಟೆಗೆ ಬಡಿಯಲಿ ಅಂತ ಯಾರೂ ಕಾಯುವುದಿಲ್ಲ. ಕೈ ಮೊದಲೇ ಆ ಕಡೆ ಹೋಗಿರುತ್ತದೆ. ಬುಟ್ಟಿ ಮುಟ್ಟಿದ ಕೂಡಲೇ ಕೈ ಅದರ ಜೊತೆಗೇ ಸ್ವಲ್ಪ ಹಿಂದೆ ಬರುತ್ತದೆ, ಸೊಂಟ ತಿರುಗುತ್ತದೆ, ಅದೇ ಬೀಸಿನಲ್ಲಿ ಬುಟ್ಟಿ ಪಕ್ಕದವರ ಕೈಗೆ ಹೋಗುತ್ತದೆ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಕೊಡುವವರು ಪಕ್ಕದವರ ಕೈ ಎಲ್ಲಿದೆಯೋ ಅಲ್ಲಿಗೇ ಕೊಡುತ್ತಾರೆ. ರಗ್ಬಿಯ ಸಾದಾ ಪಾಸ್ ಅಂದ್ರೆ ಇಷ್ಟೇ. ಓಡುತ್ತಾ ಮಾಡಬೇಕು ಅನ್ನೋದು ಒಂದೇ ಫರಕು.

ಹಿಡಿಯುವವನ ಕೈ ಎಲ್ಲಿರಬೇಕು? ಎದೆಯ ಎತ್ತರದಲ್ಲಿ, ಚೆಂಡು ಬರುವ ಕಡೆಗೆ ಚಾಚಿರಬೇಕು. ಬೆರಳು ಅಗಲ, ತುದಿ ಮೇಲಕ್ಕೆ, ಎರಡು ಹೆಬ್ಬೆರಳು ಹತ್ತಿರ ಹತ್ತಿರ. ಮೊಣಕೈ ಸ್ವಲ್ಪ ಮಡಚಿರಲಿ, ಬಿಗಿಯಾದರೆ ಚೆಂಡು ಪುಟಿಯುತ್ತದೆ. ಬೆರಳಿನಲ್ಲಿ ಹಿಡಿಯಬೇಕು, ಎದೆಗೆ ಒತ್ತಿ ಹಿಡಿಯಬಾರದು. ಎದೆಗೆ ಒತ್ತಿದರೆ ಅದನ್ನು ಮತ್ತೆ ಹೊರಗೆ ತೆಗೆದು ಪಾಸ್ ಕೊಡುವಷ್ಟರಲ್ಲಿ ಎದುರಾಳಿ ಬಂದಿರುತ್ತಾನೆ. ಚೆಂಡು ಸೊಂಟದ ಕೆಳಗೆ ಬಂದರೆ ಕೈ ತಿರುವಿ, ಬೆರಳು ಕೆಳಕ್ಕೆ, ಕಿರುಬೆರಳುಗಳು ಹತ್ತಿರ. ಇಲ್ಲಿ ಒಂದು ಎಚ್ಚರ. ಬೆರಳ ತುದಿ ನೇರ ಚೆಂಡಿನ ಕಡೆಗೆ ಚುಚ್ಚಿದ ಹಾಗೆ ಇರಬಾರದು. ಶಾಲಾ ಮಕ್ಕಳ ಬೆರಳು ನೋವಾಗುವುದು ಬಹಳ ಸಲ ಹೀಗೇ.

ನಿಮ್ಮ ಕಬಡ್ಡಿ ಮಕ್ಕಳಿಗೆ ಇದೇ ತೊಡಕು. ಅವರ ಕೈ ಸದಾ ಕೆಳಗೆ ಇರುತ್ತದೆ. ರೈಡರ್‌ನ ಹಿಮ್ಮಡಿ ಹಿಡಿಯಲು, ತೊಡೆ ಹಿಡಿಯಲು ಪಳಗಿದ ಕೈ ಅದು. ಚೆಂಡು ಬರುವಾಗ ಕೆಳಗಿನಿಂದ ಮೇಲೆ ಏರುವಷ್ಟರಲ್ಲಿ ಚೆಂಡು ಭುಜಕ್ಕೆ ಬಡಿದು ಹೋಗಿರುತ್ತದೆ. "ಚೆಂಡು ನೋಡು, ಚೆಂಡು ನೋಡು" ಅಂತ ಕೂಗಿದರೆ ಏನೂ ಆಗುವುದಿಲ್ಲ, ಅವರು ನೋಡುತ್ತಲೇ ಇದ್ದಾರೆ. "ಕೈ ತೋರ್ಸು" ಅನ್ನಿ. ಎರಡೇ ಪದ. ಕೈ ತೋರಿಸದವನಿಗೆ ಪಾಸ್ ಕೊಡಬಾರದು ಅಂತ ನಿಯಮ ಮಾಡಿ. ಒಂದು ವಾರದಲ್ಲಿ ಅರ್ಧ ರೋಗ ಹೋಗುತ್ತದೆ.

ಉಳಿದ ಅರ್ಧ ಕಾಲಿನಲ್ಲಿದೆ. ಹಿಡಿಯುವಾಗ ಮಕ್ಕಳು ಇಡೀ ಮೈಯನ್ನು ಪಾಸ್ ಕೊಡುವವನ ಕಡೆ ತಿರುಗಿಸುತ್ತಾರೆ. ಎದುರುಬದುರು ನಿಲ್ಲಿಸಿ ಕಲಿಸಿದ್ದರ ಫಲ ಅದು, ಅಲ್ವಾ? ಮೈ ತಿರುಗಿದರೆ ಓಟ ಅಡ್ಡಡ್ಡ ಆಗುತ್ತದೆ, ಸೈಡ್ ಲೈನ್ ಕಡೆ ಹೋಗುತ್ತಾರೆ. ಹೊಕ್ಕುಳ ಟ್ರೈ ಲೈನ್ (ಪಾಯಿಂಟ್ ಗಳಿಸಲು ದಾಟಬೇಕಾದ ಎದುರಾಳಿಯ ಗೆರೆ) ಕಡೆ ಇರಬೇಕು, ಎದೆ ಮತ್ತು ಕತ್ತು ಮಾತ್ರ ತಿರುಗಬೇಕು. ಇದನ್ನು ಓಡಿಸಿಯೇ ಕಲಿಸಬೇಕು. ನಾಲ್ಕು ಮಕ್ಕಳ ಸಾಲು, ಮೊದಲು ನಡಿಗೆ, ಆಮೇಲೆ ಮೆಲ್ಲಗೆ ಓಟ. ನಾನು ಹೇಳಿದ ಇಪ್ಪತ್ತು ಪಾಸ್ ಇವೇ. ಅದಕ್ಕಿಂತ ಜಾಸ್ತಿ ಬೇಡ.

ಖೊಖೊ ಮಕ್ಕಳದು ಬೇರೆ ಕಥೆ. ಅವರು ಖೊ ಸಿಕ್ಕಿದ ಮೇಲೆ ಏಳುವವರು. ಮೊದಲೇ ಎದ್ದರೆ ಫೌಲ್, ಅದು ರಕ್ತದಲ್ಲಿ ಹೋಗಿದೆ. ಹಾಗಾಗಿ ರಗ್ಬಿಯಲ್ಲೂ ಚೆಂಡು ಕೈಗೆ ಬಂದ ಮೇಲೆ ಓಟ ಶುರು ಮಾಡುತ್ತಾರೆ. ಇಲ್ಲಿ ಉಲ್ಟಾ. ಹಿಂದೆ ನಿಂತು, ಚೆಂಡು ಬರುವ ಮೊದಲೇ ಓಟ ಹಿಡಿದು, ಓಡುತ್ತಲೇ ಚೆಂಡಿಗೆ ಹೋಗಿ ಸೇರಬೇಕು. ಎಷ್ಟು ಹಿಂದೆ ಅಂತ ಮಕ್ಕಳು ಕೇಳುತ್ತಾರೆ. "ಚೆಂಡು ಇರುವವನ ಬೆನ್ನಿನ ನಂಬರ್ ನಿನಗೆ ಕಾಣಬೇಕು" ಅನ್ನಿ. ನಂಬರ್ ಕಾಣದಿದ್ದರೆ ನೀನು ಮುಂದೆ ಬಂದಿದ್ದೀಯ, ಅವನು ನಿನಗೆ ಪಾಸ್ ಕೊಡಲು ಆಗುವುದಿಲ್ಲ. ಜೆರ್ಸಿಗೆ ನಂಬರ್ ಇಲ್ಲ ಅಂದ್ರೆ ಸೀಮೆಸುಣ್ಣದಲ್ಲಿ ಬರೆಯಿರಿ.

ಮುಂದಕ್ಕೆ ಪಾಸ್ ಕೊಡಬಾರದು ಅನ್ನೋದರ ಬಗ್ಗೆ ಒಂದು ಮಾತು, ಯಾಕಂದ್ರೆ ಇದರಲ್ಲಿ ರೆಫರಿಗಳ ಜೊತೆ ಸುಮ್ನೆ ಜಗಳ ಆಗುತ್ತದೆ. ನಿಯಮ ನೋಡುವುದು ಎಸೆಯುವವನ ಕೈ ಯಾವ ಕಡೆ ಚಲಿಸಿತು ಅನ್ನೋದನ್ನು. ಕೈ ಎದುರಾಳಿಯ ಗೆರೆ ಕಡೆ ಹೋದರೆ ಅದು ಫಾರ್ವರ್ಡ್ ಪಾಸ್. ಜೋರಾಗಿ ಓಡುವವನು ಸ್ವಲ್ಪ ಹಿಂದಕ್ಕೇ ಎಸೆದರೂ ಚೆಂಡು ನೆಲದ ಲೆಕ್ಕದಲ್ಲಿ ಮುಂದೆ ಹೋಗಬಹುದು. ಓಡುವ ಬಸ್ಸಿನ ಕಿಟಕಿಯಿಂದ ಮಾವಿನ ಗೊರಟೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟರೂ ಅದು ಸ್ವಲ್ಪ ದೂರ ಬಸ್ಸಿನ ಜೊತೆಗೇ ಬರುತ್ತದಲ್ಲ, ಹಾಗೆ. ಅದು ತಪ್ಪಲ್ಲ. ನಾಕ್-ಆನ್ ಕೂಡ ಮಕ್ಕಳಿಗೆ ಅರ್ಧಂಬರ್ಧ ಗೊತ್ತಿರುತ್ತದೆ. ಕೈಗೆ ತಾಗಿ ಮುಂದೆ ಹೋದ ಚೆಂಡು ನೆಲಕ್ಕೆ ಅಥವಾ ಇನ್ನೊಬ್ಬರಿಗೆ ತಾಗುವ ಮೊದಲು ತಾನೇ ಮತ್ತೆ ಹಿಡಿದರೆ ಆಟ ಮುಂದುವರಿಯುತ್ತದೆ. ಜಾರಿದ ಕೂಡಲೇ ತಲೆ ಮೇಲೆ ಕೈ ಹೊತ್ತು ನಿಲ್ಲುವ ಮಕ್ಕಳಿಗೆ ಇದನ್ನು ಹೇಳಿ. ಎರಡನೇ ಸಲ, ಮೂರನೇ ಸಲ ಕೈ ಹಾಕಲಿ. ಎತ್ತರದ ಚೆಂಡು ಹಿಡಿಯುವಾಗ ಭುಜ ಸ್ವಲ್ಪ ಓರೆ ಮಾಡಿ ನಿಲ್ಲಲಿ. ಆಗ ಜಾರಿದರೂ ಪಕ್ಕಕ್ಕೋ ಹಿಂದಕ್ಕೋ ಬೀಳುತ್ತದೆ, ಸ್ಕ್ರಮ್ (ನಾಕ್-ಆನ್ ಆದ ಮೇಲೆ ಎರಡೂ ತಂಡದವರು ಭುಜ ಕೊಟ್ಟು ತಳ್ಳಿ ಆಟ ಮತ್ತೆ ಶುರು ಮಾಡುವುದು) ತಪ್ಪುತ್ತದೆ.

ಎಸೆಯುವುದಕ್ಕೆ ಕೆಲವೇ ಮಾತು ಸಾಕು. ಎರಡು ಕೈಯಲ್ಲೂ ಬೆರಳು ಅಗಲಿಸಿ ಹಿಡಿಯುವುದು. ಹಿಡಿಯುವವನ ಕೈ ನೋಡುವುದು. ಮೊಣಕೈ ಮೈ ಹತ್ತಿರ ಇಟ್ಟು ಮೈಗೆ ಅಡ್ಡಲಾಗಿ ಬೀಸುವುದು, ಕೊನೆಯಲ್ಲಿ ಮಣಿಕಟ್ಟನ್ನು ಒಮ್ಮೆ ಝಾಡಿಸುವುದು. ಬಿಟ್ಟ ಮೇಲೆ ಹತ್ತೂ ಬೆರಳು ಅವನ ಕಡೆ ತೋರಿಸುತ್ತಿರಬೇಕು. ಚೆಂಡು ಅವನ ಎದೆ ಎತ್ತರಕ್ಕೆ, ಅವನಿಗಿಂತ ಒಂದು ಮೊಳ ಮುಂದೆ ಹೋಗಬೇಕು.

ಈಗ ನಿಮ್ಮ ಮ್ಯಾಚಿನ ರೋಗಕ್ಕೆ ನಿಜವಾದ ಔಷಧ. ಅದು ನಿಮ್ಮ ಶಾಲೆಯ ಮೈದಾನದಲ್ಲೇ ಇದೆ: ಕಬಡ್ಡಿ ಅಂಕಣ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಇಬ್ಬರ ಎದುರು ಒಬ್ಬನನ್ನು ಆಡಿಸಲು ಇದಕ್ಕಿಂತ ಒಳ್ಳೆ ಜಾಗ ಹುಡುಕಿದರೂ ಸಿಗುವುದಿಲ್ಲ. ಒಂದು ತುದಿಯಲ್ಲಿ ಚೆಂಡು ಹಿಡಿದ ಇಬ್ಬರು. ನಡುಗೆರೆಯ ಮೇಲೆ ಒಬ್ಬ ಡಿಫೆಂಡರ್. ಆಚೆ ತುದಿ ಟ್ರೈ ಲೈನ್. ಡಿಫೆಂಡರ್ ಎರಡು ಕೈಯಲ್ಲಿ ಮುಟ್ಟಿದರೆ ಔಟ್, ಹಿಡಿದು ಬೀಳಿಸುವ ಟ್ಯಾಕಲ್ ಇಲ್ಲ.

ಮೊದಲ ದಿನ ಏನಾಗುತ್ತೆ ಅಂತ ಈಗಲೇ ಹೇಳುತ್ತೇನೆ. ಚೆಂಡು ಇರುವವನು ಹೆದರಿ ಎರಡನೇ ಹೆಜ್ಜೆಗೇ ಪಾಸ್ ಕೊಡುತ್ತಾನೆ. ಡಿಫೆಂಡರ್ ಆರಾಮಾಗಿ ಆಚೆ ಸರಿದು ಇನ್ನೊಬ್ಬನನ್ನು ಮುಟ್ಟುತ್ತಾನೆ. ಇನ್ನು ಕೆಲವರು ತಾನೇ ನುಗ್ಗುತ್ತೇನೆ ಅಂತ ಮುಟ್ಟಿಸಿಕೊಂಡ ಮೇಲೆ ಚೆಂಡು ಬಿಸಾಡುತ್ತಾರೆ, ಅದು ನೆಲಕ್ಕೆ ಬೀಳುತ್ತದೆ. ಬಾಯಿ ಹಾಕಬೇಡಿ. ಹತ್ತು ಸಲ ಹೀಗೇ ಆಗಲಿ. ಆಮೇಲೆ ಆಟ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: "ಅವನ ಸೊಂಟ ಯಾರ ಕಡೆ ತಿರುಗಿತ್ತು?"

ನಿಮ್ಮ ಮಕ್ಕಳ ಕಬಡ್ಡಿ ಇಲ್ಲಿ ಬಂಗಾರ ಆಗುತ್ತದೆ. ಬೇರೆ ಕಡೆ ಕೋಚ್‌ಗಳು ತಿಂಗಳುಗಟ್ಟಲೆ ಕಲಿಸುವುದನ್ನು ಇವರು ಆಗಲೇ ಬಲ್ಲರು. ಎದುರಾಳಿಯ ಮುಖ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ ಅಂತ ರೈಡ್ ಮಾಡಿದ ಪ್ರತಿ ಮಗುವಿಗೂ ಗೊತ್ತು. ಚೆಂಡು ಇರುವವನು ನೇರ ಡಿಫೆಂಡರ್‌ನ ಒಳಭುಜದ (ತನ್ನ ಜೊತೆಗಾರನಿಂದ ದೂರ ಇರುವ ಭುಜ) ಕಡೆ ಓಡಬೇಕು. ಅವನ ಸೊಂಟ ತನ್ನ ಕಡೆ ತಿರುಗಿ ಕಾಲು ಊರಿದ ಗಳಿಗೆಯಲ್ಲಿ ಪಾಸ್ ಬಿಡಬೇಕು. ಆಗ ಅವನು ಆಚೆ ಹೋಗಲಾರ. ಎರಡು ಮೂರು ಹೆಜ್ಜೆ ದೂರ ಇರುವಾಗ ಈ ಗಳಿಗೆ ಬರುತ್ತದೆ. ಆದರೆ ಹೆಜ್ಜೆ ಲೆಕ್ಕ ಹೇಳಿಕೊಡಬೇಡಿ, ಮಕ್ಕಳು ಹೆಜ್ಜೆ ಎಣಿಸುತ್ತಾ ಸೊಂಟ ನೋಡೋದು ಮರೆಯುತ್ತಾರೆ.

ಪಕ್ಕದವನು ಸುಮ್ಮನೆ ಓಡಬಾರದು, ಕೂಗಬೇಕು. ನಮ್ಮ ಮಕ್ಕಳು ಟಿವಿ ನೋಡಿ ಇಂಗ್ಲಿಷಿನಲ್ಲಿ ಕೂಗುತ್ತಾರೆ, ನಾನು ಬಿಡಿಸಿಬಿಟ್ಟೆ. "ಎಡಕ್ಕ!" "ಬಲಕ್ಕ!" ಸಾಕು. ಗಟ್ಟಿ ಅಕ್ಷರ, ದೂರ ಕೇಳುತ್ತದೆ. ತಡವಾಗಿ ಕೂಗಿದರೆ ಉಪಯೋಗ ಇಲ್ಲ. ಸೊಂಟ ನೋಡುವುದು ಇಬ್ಬರ ಕೆಲಸ, ಕೂಗುವುದು ಮಾತ್ರ ಹಿಡಿಯುವವನ ಕೆಲಸ.

ಇಬ್ಬರ ಎದುರು ಒಬ್ಬ ಸುಲಭ ಅನಿಸಿದ ಮೇಲೆ ಮೂವರ ಎದುರು ಇಬ್ಬರು, ಅದೇ ಅಂಕಣದಲ್ಲಿ. ಆಮೇಲೆ ಮೈದಾನ ದೊಡ್ಡದು ಮಾಡಿ. ನಿಮ್ಮ ಹತ್ತಿರ 18 ಮಕ್ಕಳು, ಎರಡು ಚೆಂಡು. ಲೆಕ್ಕ ತಾನಾಗೇ ಕೂಡಿ ಬರುತ್ತದೆ: ಒಂದೊಂದು ಚೆಂಡಿಗೆ ಒಂಬತ್ತು ಜನ, ನಾಲ್ವರ ಎದುರು ನಾಲ್ವರು ಮುಟ್ಟಿ ಔಟ್ ಮಾಡುವ ಟಚ್ ಆಟ, ಉಳಿದ ಒಬ್ಬ ಗೆರೆ ಹೊರಗೆ ಕೂತು ಗೀಟು ಹಾಕುವವನು. ಏನು ಎಣಿಸಬೇಕು? ಪಾಸ್ ಎಣಿಸಬೇಡಿ. ಹಿಡಿದ ಮೇಲೆ ಮುಂದಕ್ಕೆ ಹೆಜ್ಜೆ ಇಟ್ಟ ಪಾಸ್ ಎಷ್ಟು ಅಂತ ಎಣಿಸಲಿ. ಐದು ನಿಮಿಷಕ್ಕೊಮ್ಮೆ ಎಣಿಸುವವನನ್ನು ಬದಲಿಸಿ. ಹೊರಗೆ ಕೂತು ನೋಡಿದವನು ಒಳಗೆ ಬಂದಾಗ ಬೇರೆಯಾಗೇ ಆಡುತ್ತಾನೆ, ನೀವೇ ನೋಡಿ.

ಚೆಂಡು ಬಿದ್ದಾಗ ಬೈಯುವುದಿದ್ದರೆ ಮೊದಲು ಕೊಟ್ಟವನನ್ನು ನೋಡಿ. ಬೆನ್ನ ಹಿಂದೆ ಬಂದ ಚೆಂಡು, ಮೊಣಕಾಲಿಗೆ ಬಂದ ಚೆಂಡು, ಎರಡೇ ಮಾರು ದೂರದಿಂದ ಜೋರಾಗಿ ಬಡಿದ ಚೆಂಡು, ಇದೆಲ್ಲ ಹಿಡಿಯುವವನ ತಲೆಗೆ ಕಟ್ಟಬಾರದು. ನನ್ನ ಅನುಭವದಲ್ಲಿ ಬೀಳುವ ಚೆಂಡಿನಲ್ಲಿ ದೊಡ್ಡ ಪಾಲು ಹೀಗೆ ಬೀಳುವುದೇ.

ಚೆಂಡಿನ ವಿಷಯ. ದೊಡ್ಡವರ ಚೆಂಡು ಐದನೇ ಸೈಜಿನದು, 28ರಿಂದ 30 ಸೆಂಟಿಮೀಟರ್ ಉದ್ದ, 410ರಿಂದ 460 ಗ್ರಾಂ ತೂಕ. 13–14 ವಯಸ್ಸಿನ ಕೈಗೆ ನಾಲ್ಕನೇ ಸೈಜು ಸರಿ. ನಿಮ್ಮ ಎರಡೂ ಐದನೆಯವೇ ಆಗಿದ್ದರೆ ಮುಂದಿನ ಸಲ ನಾಲ್ಕನೇ ಸೈಜಿನದು ತರಿಸಿ. ಸಣ್ಣ ಕೈಯವರಿಗೆ ಒಮ್ಮೆಗೇ ಹಿಡಿತ ಸಿಗುತ್ತದೆ. ನಮ್ಮ ಗರಸು ನೆಲದಲ್ಲಿ ರಬ್ಬರಿನ ಮೇಲಿನ ಮೊಡವೆಗಳು ಬೇಗ ಸವೆಯುತ್ತವೆ, ಆಮೇಲೆ ಬೆವರಿನ ಕೈಗೆ ಚೆಂಡು ಸೋಪಿನ ಹಾಗೆ ಜಾರುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿಡಿ. ಚೆಂಡು ಕಡಿಮೆ ಅಂತ ನಮ್ಮಲ್ಲಿ ಒಬ್ಬ ಹುಡುಗ ನಾರು ಬಿಡಿಸದ ತೆಂಗಿನಕಾಯಿ ತಂದಿದ್ದ. ಆಕಾರ ಏನೋ ಸರಿ ಇತ್ತು! ಎರಡು ಹೆಬ್ಬೆರಳು ಊದಿದ ಮೇಲೆ ಕಾಯಿ ಚಟ್ನಿಗೆ ಹೋಯಿತು.

ಎರಿ ಮಣ್ಣಿನ ಮೈದಾನ ಆಗಿದ್ದರೆ ಮಳೆ ಬಂದ ದಿನ ಇಳಿಯಬೇಡಿ, ಕಾಲು ಕಿತ್ತು ಬರುವುದಿಲ್ಲ, ಮಂಡಿ ತಿರುಚುತ್ತದೆ. ಆ ದಿನ ಶಾಲೆಯ ಪಡಸಾಲೆಯಲ್ಲಿ ಗೋಣಿಚೀಲ ಹಾಕಿ ಮೊಣಕಾಲೂರಿ ಪಾಸ್ ಮಾಡಿಸಿ. ಕಾಲಿನ ಸಹಾಯ ಇಲ್ಲದಾಗ ಸೊಂಟ, ಮಣಿಕಟ್ಟು ಎರಡೂ ಎಷ್ಟು ಕೆಲಸ ಮಾಡಬೇಕು ಅಂತ ಗೊತ್ತಾಗುತ್ತದೆ. ಜೂನ್, ಜುಲೈನಲ್ಲಿ ನಿಮ್ಮ ಕಡೆ ಬೀಸುವ ಗಾಳಿಗೆ ಉದ್ದ ಪಾಸ್ ನಂಬಬೇಡಿ, ಹತ್ತಿರ ಹತ್ತಿರ ನಿಂತು ಆಡಲಿ.

ಸ್ಪಿನ್ ಪಾಸ್ ಬಗ್ಗೆ ಕೇಳಿದ್ದೀರಿ. ಮಕ್ಕಳು 2025ರ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಟವನ್ನು ಮೊಬೈಲಿನಲ್ಲಿ ನೋಡಿರುತ್ತಾರೆ. ಆ ಉದ್ದನೆಯ ಸುತ್ತುವ ಪಾಸೇ ಬೇಕು ಅಂತ ಹಟ ಮಾಡುತ್ತಾರೆ. ಸ್ಪಿನ್ ಇರುವುದು ದೂರಕ್ಕೆ. ಸೆವೆನ್ಸ್‌ನಲ್ಲಿ ದೊಡ್ಡ ಮೈದಾನಕ್ಕೆ ಏಳೇ ಜನ, ಮುಂದೆ ಅದು ಬೇಕೇ ಬೇಕು. ಆದರೆ ಹತ್ತಿರದಿಂದ ಬಂದ ಸ್ಪಿನ್ ಚೆಂಡು ಗಟ್ಟಿಯಾಗಿ ಬಡಿಯುತ್ತದೆ, ಹಿಡಿಯುವುದು ಕಷ್ಟ. ಸುತ್ತದೆ ಬಂದ ಚೆಂಡು ಮೆತ್ತಗೆ ಕೈಗೆ ಕೂರುತ್ತದೆ. ಓಡುತ್ತಾ ಎರಡೂ ಕಡೆಗೆ ಐದು ಮೀಟರ್ ಸಾದಾ ಪಾಸ್ ನಿಲ್ಲುವವರೆಗೆ ಸ್ಪಿನ್ ಬೇಡ. ಆಮೇಲೆ ಕಲಿಸುವಾಗ ಹಿಂದಿನ ಕೈ ತಳ್ಳುತ್ತದೆ, ಮುಂದಿನ ಕೈ ದಾರಿ ತೋರಿಸುತ್ತದೆ ಅಂತ ಮಾತ್ರ ಹೇಳಿ, ಉಳಿದದ್ದು ಅವರೇ ಆಡಿ ಕಂಡುಕೊಳ್ಳುತ್ತಾರೆ.

ಊರವರು "ಇದು ಯಾವ ದೇಶದ ಆಟರೀ" ಅಂತ ನಿಮ್ಮನ್ನೂ ಕೇಳುತ್ತಿರಬಹುದು, ನನ್ನನ್ನು ಈಗಲೂ ಕೇಳುತ್ತಾರೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿ ವರ್ಷ ಆಡುವ ಕಲ್ಕತ್ತಾ ಕಪ್ ಕಥೆ ಹೇಳಿಬಿಡಿ. ಕಲ್ಕತ್ತಾದ ಕ್ಲಬ್ಬೊಂದು ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನೇ ಕರಗಿಸಿ ಮಾಡಿದ ಕಪ್ ಅದು. ಮೂರು ನಾಗರ ಹಾವು ಅದರ ಹಿಡಿಕೆ, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಬಡಿದಾಡುತ್ತಿದ್ದಾರೆ.

ಕೊನೆಗೆ ನಿಮ್ಮ ಎಡಗೈ ಹುಡುಗಿ. ತಿದ್ದುವ ಮಾತೇ ಎತ್ತಬೇಡಿ. ಬಲಗೈ ಮಕ್ಕಳಿಗೆ ಎಡಕ್ಕೆ ಪಾಸ್ ಕೊಡುವುದು ಸುಲಭ, ಯಾಕಂದ್ರೆ ಆಗ ತಳ್ಳುವುದು ಬಲಗೈ. ಬಲಕ್ಕೆ ಕೊಡುವಾಗ ಎಲ್ಲರೂ ತಡವರಿಸುತ್ತಾರೆ. ಹಾಗಾಗಿ ಶಾಲಾ ತಂಡಗಳ ಆಟ ಸದಾ ಎಡಕ್ಕೇ ವಾಲುತ್ತದೆ, ಎದುರಾಳಿಗಳಿಗೂ ಅದು ಗೊತ್ತಾಗಿಬಿಡುತ್ತದೆ. ನಿಮ್ಮ ಹುಡುಗಿಗೆ ಬಲಕ್ಕೆ ಕೊಡುವುದೇ ಸಲೀಸು. ಅವಳನ್ನು ಸಾಲಿನ ನಡುವೆ ನಿಲ್ಲಿಸಿ, ಬಲಕ್ಕೆ ಹೋಗುವ ಆಟ ಅವಳ ಕೈಯಿಂದಲೇ ಹೋಗಲಿ. ವಾರಕ್ಕೆರಡು ದಿನ ಉಳಿದ ಹದಿನೇಳು ಮಕ್ಕಳಿಗೆ ಬಲಕ್ಕೆ ಪಾಸ್ ಕೊಡುವುದನ್ನು ಅವಳೇ ತೋರಿಸಲಿ. ನೀವು ಆ ಹೊತ್ತಿಗೆ ಗೆರೆ ಹೊರಗೆ ಕೂತು ಗೀಟು ಹಾಕಿ.